ವಿದ್ಯೆಗೊಂದು ಎಲೆ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರದ ಸಾಲೋಟಗಿಯಲ್ಲಿ ಸಿಕ್ಕ ಒಂದು ಕಂಬದ ಮೇಲೆ ಕ್ರಿ.ಶ. 945ರ ಸಂಸ್ಕೃತ ಶಾಸನವಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ ಕಾಲ. ಅವನ ಮಂತ್ರಿ ನಾರಾಯಣ ಎಂಬಾತ ಆಗ ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬಂದು ಓದುತ್ತಿದ್ದರು. ಅವರು ಇರಲಿಕ್ಕೆ 27 ಮನೆಗಳು. ಕಲಿಸುವವರಿಗೆ ಹೊಲ. ದೀಪದ ಖರ್ಚಿಗೆಂದೇ ಬೇರೆಯಾಗಿ 12 ನಿವರ್ತನ ಹೊಲ. ರಾತ್ರಿ ಓದುವ ಹುಡುಗನಿಗೆ ಎಣ್ಣೆ ಬೇಕಾಗುತ್ತದೆ, ಎಣ್ಣೆ ಆಕಾಶದಿಂದ ಇಳಿಯುವುದಿಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಂಡು ಲೆಕ್ಕ ಹಾಕಿದವರು ಅವರು.

ಇಷ್ಟಾದರೆ ಅದು ಇನ್ನೊಂದು ದಾನಶಾಸನ. ಅಂಥವು ನಮ್ಮಲ್ಲಿ ಸಾವಿರಾರು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಕರಾರು. ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ ಕೊಡಬೇಕು. ಮುಂಜಿವೆಯಾದರೆ ಅದರ ಅರ್ಧ. ಜವಳ ತೆಗೆಸಿದರೆ ಅದಕ್ಕಿಂತ ಕಡಿಮೆ. ಅಷ್ಟೇ ಅಲ್ಲ, ಯಾವ ಕಾರಣಕ್ಕೇ ಆಗಲಿ ಬ್ರಾಹ್ಮಣರಿಗೆ ಊಟ ಹಾಕಿಸಿದವನು ಶಾಲೆಯ ಮಂದಿಗೂ ತನ್ನ ಶಕ್ತಿ ಇದ್ದಷ್ಟು ಬಡಿಸಬೇಕು. ಮದುವೆಯ ಮನೆಯವನಿಗೆ ವ್ಯಾಕರಣದಲ್ಲಿ ಆಸಕ್ತಿ ಇದ್ದರೂ ಇಷ್ಟೇ, ಇಲ್ಲದಿದ್ದರೂ ಇಷ್ಟೇ. ಸಂತೋಷ ಬಂದ ಮನೆಯಲ್ಲಿ ವಿದ್ಯೆಗೂ ಒಂದು ಎಲೆ ಹಾಕಬೇಕು.

ಸಾಹಿತ್ಯ, ಇತಿಹಾಸ, ತತ್ತ್ವ, ಜಾನಪದ ಇವನ್ನೆಲ್ಲ ಕಾಲೇಜಿನ ಗೋಡೆ ದಾಟಿಸಿ ಜನರ ನಡುವೆ ಇಡುವ ಕೆಲಸಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಈಗ ದೊಡ್ಡ ಊರುಗಳಲ್ಲಿ ಒಂದು ಸಿದ್ಧ ಉತ್ತರವಿದೆ: ಸಂಜೆಯ ಔತಣ. ಒಂದು ಕುರ್ಚಿಗೆ ಇಷ್ಟು, ಒಂದು ಮೇಜಿಗೆ ಇಷ್ಟು. ನಡುವೆ ಭಾಷಣ, ಕೊನೆಗೆ ಆ ವರ್ಷ ಸಮಾಜಕ್ಕೆ ದುಡಿದ ಒಬ್ಬಿಬ್ಬರಿಗೆ ಶಾಲು, ಫಲಕ. ಅಮೆರಿಕದಲ್ಲಿ ಇದು ಪಕ್ಕಾ ಪದ್ಧತಿ. ಅಲ್ಲಿ 1965ರ ಕಾನೂನಿನ ಬಲದಿಂದ ಮಾನವಿಕ ವಿದ್ಯೆಗಳಿಗಾಗಿ ಒಂದು ರಾಷ್ಟ್ರೀಯ ನಿಧಿ ಹುಟ್ಟಿತು. ಆಮೇಲೆ ರಾಜ್ಯಕ್ಕೊಂದು ಮಂಡಳಿ ಬಂತು. ಆ ಮಂಡಳಿಗಳಲ್ಲಿ ಹಲವು ವರ್ಷಕ್ಕೊಮ್ಮೆ ಊಟ ಏರ್ಪಡಿಸಿ, ಊರಿನ ಗ್ರಂಥಪಾಲಕರನ್ನೋ ಇತಿಹಾಸ ಬರೆದವರನ್ನೋ ಕರೆದು ಗೌರವಿಸಿ, ಅದೇ ಊಟದಿಂದ ಮುಂದಿನ ವರ್ಷದ ಖರ್ಚಿಗೆ ದಾರಿ ಮಾಡಿಕೊಳ್ಳುತ್ತವೆ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಅವುಗಳ ಅನುದಾನಕ್ಕೆ ಕತ್ತರಿ ಹಾಕಿದ ಮೇಲೆ ಆ ಊಟದ ಮೇಜುಗಳ ಮೇಲಿನ ಭಾರ ಇನ್ನಷ್ಟು ಹೆಚ್ಚಿದೆ. ಹೊರದೇಶದ ನಮ್ಮ ಕನ್ನಡ ಸಂಘಗಳೂ ಈ ರೂಢಿಗೆ ಹೊಂದಿಕೊಂಡಿವೆ. ಸಮ್ಮೇಳನಕ್ಕೆ ಮುಂಚಿನ ರಾತ್ರಿ ಬ್ಯಾಂಕ್ವೆಟ್ ಊಟ, ದೊಡ್ಡ ದಾನಿಗಳಿಗೆ ಮುಂದಿನ ಸಾಲು.

ಇದನ್ನು ಗೇಲಿ ಮಾಡುವುದು ಸುಲಭ. ಹೋಟೆಲಿನ ಹಾಲಿನಲ್ಲಿ ಪನೀರ್ ತಿನ್ನುತ್ತ ಜಾನಪದ ಉಳಿಸುವವರು ಎಂದು ನಗಬಹುದು. ನಾನೂ ನಕ್ಕವನೇ. ಆದರೆ ಊಟ ಇಲ್ಲದೆ ಬರಿಯ ಹಣ ಎತ್ತುವ ದಾರಿ ನಮ್ಮಲ್ಲೇ ಇದೆಯಲ್ಲ, ಅದು ಎಲ್ಲಿಗೆ ಮುಟ್ಟಿದೆ ನೋಡಿ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕರದ ಪ್ರತಿ ರೂಪಾಯಿಯ ಮೇಲೆ ಆರು ಪೈಸೆ ಗ್ರಂಥಾಲಯ ಕರ. ಸಾಲೋಟಗಿಯ ಕರಾರಿನ ನೇರ ಸಂತತಿ ಇದು ಎನ್ನಬೇಕು. ಕರ ತುಂಬುವ ಪ್ರತಿಯೊಬ್ಬನೂ ಪುಸ್ತಕದ ಪೋಷಕ. ಆದರೆ ಪೋಷಕನಿಗೇ ಅದು ಗೊತ್ತಿಲ್ಲ. ಪಾವತಿಯಲ್ಲಿ ಅದು ನಾಲ್ಕನೆಯದೋ ಐದನೆಯದೋ ಸಾಲು. ವಸೂಲಾದ ಹಣ ಪೂರ್ತಿಯಾಗಿ ಗ್ರಂಥಾಲಯಕ್ಕೆ ಮುಟ್ಟುವುದಿಲ್ಲ ಎಂಬ ದೂರು ಹಳೆಯದು. ಮುಟ್ಟದಿದ್ದರೂ ಬೀದಿಯಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. ನೀರು ಬಾರದಿದ್ದರೆ ಕೊಡ ಹಿಡಿದು ಪಂಚಾಯಿತಿಗೆ ಹೋಗುವ ನಾವು, ಪುಸ್ತಕ ಬಾರದಿದ್ದರೆ ಹೋಗಿದ್ದನ್ನು ಯಾರು ಕಂಡಿದ್ದೀರಿ? ಕರ ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ಊಟಕ್ಕೆ ಕೂತವರು ನೋಡಿರುತ್ತಾರೆ. ಹಣಕ್ಕಾಗಿಯಾದರೂ ಜನ ಒಂದು ಸಾಲಿನಲ್ಲಿ ಕೂತು ಉಂಡರೆ ಅದರಲ್ಲಿ ಕರಕ್ಕೆ ಇಲ್ಲದ ಒಂದು ಗುಣ ಇದೆ ಎಂದು ಈಗ ನನಗೆ ಅನಿಸುತ್ತದೆ.

ಹಾಗಾದರೆ ಕೇಳಬೇಕಾದದ್ದು ಊಟ ಬೇಕೋ ಬೇಡವೋ ಎಂಬುದನ್ನಲ್ಲ. ಆ ಸಾಲಿನಲ್ಲಿ ಯಾರು ಕೂತಿದ್ದಾರೆ, ಬಡಿಸುವವರು ಯಾರು, ಮೈಕಿನಲ್ಲಿ ಯಾರ ಹೆಸರು ಕೂಗುತ್ತಿದ್ದಾರೆ?

ಸಾಲೋಟಗಿಯ ಸಾಲಿಗೆ ಬೇಲಿ ಇತ್ತು, ಅದನ್ನು ಮರೆಮಾಚಿ ಹೊಗಳುವುದು ಸರಿಯಲ್ಲ. ಅಲ್ಲಿ ಓದಿದವರು ಬ್ರಾಹ್ಮಣರ ಹುಡುಗರು. ಅವರ ದೀಪಕ್ಕೆ ಎಣ್ಣೆಯಾದ ಕುಸುಬಿಯನ್ನೋ ಎಳ್ಳನ್ನೋ ಬಿತ್ತಿ ಬೆಳೆದವನ ಮಗ ಆ ಬೆಳಕಿನಲ್ಲಿ ಕೂಡಲಿಲ್ಲ. ಶಾಸನದಲ್ಲಿ ಮಂತ್ರಿಯ ಹೆಸರಿದೆ, ಹೊಲ ಬಿಟ್ಟುಕೊಟ್ಟ ಊರೊಡೆಯನ ಹೆಸರಿದೆ, ಹೊಲ ಉತ್ತವನ ಹೆಸರಿಲ್ಲ. ಎರಡು ಶತಮಾನ ಕಳೆಯುವುದರೊಳಗೆ, ಅಲ್ಲಿಂದ ತೆಂಕಣಕ್ಕೆ, ಬಾಗೇವಾಡಿಯ ಅಗ್ರಹಾರದಲ್ಲಿ ಹುಟ್ಟಿದ ಒಬ್ಬ ಹುಡುಗ ಆ ಬೇಲಿಯನ್ನು ದಾಟಿ ಹೋದ. ಬಸವಣ್ಣನನ್ನು ಕುರಿತು ಎಷ್ಟೋ ಬರೆದಾಗಿದೆ; ಇಲ್ಲಿಗೆ ಬೇಕಾದದ್ದು ಒಂದೇ. ಕಲ್ಯಾಣದ ಮಹಾಮನೆಯಲ್ಲಿ ಅನುಭವದ ಮಾತೂ ಅನ್ನದ ಸಾಲೂ ಬೇರೆ ಬೇರೆ ಕಟ್ಟಡಗಳಲ್ಲಿ ನಡೆಯುವ ಬೇರೆ ಬೇರೆ ಇಲಾಖೆಗಳಾಗಿರಲಿಲ್ಲ. ಮಾತಿಗೆ ಬಂದವನು ಉಂಡ, ಉಂಡವನು ಮಾತಾಡಿದ. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಒಪ್ಪಿಕೊಂಡ ಮೇಲೆ ಎಲೆಗಳನ್ನು ದೂರ ದೂರ ಹಾಕುವುದು ಸಾಧ್ಯವಿರಲಿಲ್ಲ. ದಾಸೋಹದಲ್ಲಿ ಕೊಡುವವನು ನಿಂತಿರುತ್ತಾನೆ, ಪಡೆಯುವವನು ಕೂತಿರುತ್ತಾನೆ. ಹೋಟೆಲಿನ ಔತಣದಲ್ಲಿ ದುಡ್ಡು ಕೊಟ್ಟವನು ಕೂತಿರುತ್ತಾನೆ, ಬಡಿಸುವ ಹುಡುಗ ನಿಂತಿರುತ್ತಾನೆ. ಮತ್ತೆ ಯಾರಿಗಾಗಿ ಈ ಹಣ ಎತ್ತುತ್ತಿದ್ದಾರೋ ಆ ಸಾರ್ವಜನಿಕ ಎಂಬ ಮನುಷ್ಯ ಆ ಹಾಲಿನೊಳಗೇ ಇರುವುದಿಲ್ಲ.

ಈ ಭಾಗದಲ್ಲಿ ವಿದ್ಯೆಗಾಗಿ ದುಡಿದು ಗೌರವ ಪಡೆದವರ ಹೆಸರು ಹೇಳಿ ಎಂದರೆ ಮೊದಲು ಬರುವುದು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬೈಯಲ್ಲಿ ಓದಿ, ವಿಜಾಪುರಕ್ಕೆ ವಕೀಲರಾಗಿ ಬಂದರು. 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ಇವೆಲ್ಲ ಊರಿನ ಹಿರಿಯರು ಮಾಡುವಂಥ ಕೆಲಸಗಳೇ. ಆದರೆ ವಕೀಲಿಯ ನಡುವೆ ಅವರಿಗೆ ವಚನಗಳಿದ್ದ ತಾಳೆಗರಿಯ ಹುಚ್ಚು ಹಿಡಿದಿತ್ತು. ಮಠಗಳ ಕಪಾಟು, ಮನೆಗಳ ಅಟ್ಟ, ಪೂಜೆಯ ಗೂಡು ಎಲ್ಲಿ ಕಟ್ಟು ಇದೆ ಎಂದು ಕೇಳಿದರೂ ಅಲ್ಲಿಗೆ ಹೊರಡುವುದು. ಮನೆಯವರಿಗೆ ಅದು ಪೂಜೆಯ ವಸ್ತು, ಓದುವ ವಸ್ತು ಅಲ್ಲ. ಕುಂಕುಮ ಹಚ್ಚಿ ಇಟ್ಟದ್ದನ್ನು ಬಿಚ್ಚಲು ಅವರನ್ನು ಒಪ್ಪಿಸಬೇಕು. ಆಮೇಲೆ ಕೂತು ನಕಲು ತೆಗೆಯಬೇಕು. ವಚನಗಳ ಹಸ್ತಪ್ರತಿ ಸಿದ್ಧವಾದಾಗ ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ 500 ರೂಪಾಯಿ ಸಮೇತ ಕಳಿಸಿದರು, ಅದು ಅಚ್ಚಾಗದೆ ಹಣದ ಜೊತೆ ಮರಳಿ ಬಂತು ಎಂಬ ಕತೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕೊನೆಗೆ ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಇನ್ನೊಬ್ಬರ ಮುದ್ರಣಾಲಯದ ಬಾಗಿಲು ಕಾಯುವುದು ಸಾಕು ಎಂದು 1925ರಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನು ತಾವೇ ಹಾಕಿದರು. ಅದಕ್ಕೆ ಬೇಕಾದ ಹಣಕ್ಕೆ ಇದ್ದ ಮನೆ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು, ಮರುವರ್ಷ ‘ನವಕರ್ನಾಟಕ’.

ಗೌರವ ಬರಲಿಲ್ಲವೇ? ಬಂತು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬ್ರಿಟಿಷ್ ಸರ್ಕಾರದ ರಾವ್ ಬಹಾದ್ದೂರ್ ಬಿರುದು ಬಂತು. 1956ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಗೋಳಗುಮ್ಮಟ ನೋಡಲು ಕರೆದಾಗ ಬಿ.ಎಂ.ಶ್ರೀಯವರು ಮೊದಲು ವಚನದ ಗುಮ್ಮಟ ತೋರಿಸಿ ಎಂದು ಹಳಕಟ್ಟಿಯವರ ಮನೆಗೆ ಹೋದರಂತೆ. ಈ ಮಾತನ್ನು ವಿಜಯಪುರದ ಯಾವ ಸಭೆಯಲ್ಲೂ ಒಬ್ಬರಾದರೂ ಹೇಳದೆ ಬಿಡುವುದಿಲ್ಲ. ನನಗೆ ಈ ಪಟ್ಟಿಯಲ್ಲಿ ಕಾಣುವ ಚೋದ್ಯ ಇಷ್ಟು: ಇವುಗಳಲ್ಲಿ ಒಂದಾದರೂ ಮಾರಿದ ಮನೆಯನ್ನು ತಿರುಗಿ ತಂದುಕೊಡಲಿಲ್ಲ, ‘ಶಿವಾನುಭವ’ದ ಮುಂದಿನ ಸಂಚಿಕೆಗೆ ಕಾಗದ ಕೊಡಿಸಲಿಲ್ಲ. ಬಿರುದು ಮನುಷ್ಯನ ಹೆಸರಿನ ಹಿಂದೆಯೋ ಮುಂದೆಯೋ ಕೂಡುತ್ತದೆ. ಕೆಲಸದ ಹಿಂದೆ ಯಾರು ಕೂಡುತ್ತಾರೆ? ಅವರು ಹಳೆಯ ಸೈಕಲ್ ಮೇಲೆ, ಹೊಲಿಗೆ ಬಿಟ್ಟ ಕೋಟಿನಲ್ಲಿ ಊರು ತಿರುಗುತ್ತಿದ್ದ ಚಿತ್ರವನ್ನು ನಾವು ಈಗ ಅಭಿಮಾನದಿಂದ ಹೇಳುತ್ತೇವೆ. ಅಭಿಮಾನ ಪಡಲಿಕ್ಕೆ ಅದರಲ್ಲಿ ನಮ್ಮದೇನಿದೆ? ಕೋಟು ಹರಿದದ್ದು ಅವರದು; ಅದನ್ನು ಹೊಲಿಸಿಕೊಡದೆ ಬಿಟ್ಟವರು ಈ ಊರಿನ ಮಂದಿ.

ಕೆಲಸದ ಹಿಂದೆ ಕೂತವರೂ ಇದ್ದರು, ಅನ್ನಬೇಕು. ಬಿಎಲ್‌ಡಿಇ ಬಡವಾದ ಕಾಲದಲ್ಲಿ ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಬಂಗಾರಮ್ಮ ಸಜ್ಜನ ಎಂಬ ತಾಯಿ ಆಸ್ತಿ ಕೊಟ್ಟರು. ಸೊಲ್ಲಾಪುರ ರಸ್ತೆಯ ಕಾಲೇಜು ಆವರಣಕ್ಕೆ ಅವರ ಹೆಸರಿದೆ. ಜೋಳಿಗೆಗೆ ಒಂದು ಚಮತ್ಕಾರ ಇದೆ. ಅದರೊಳಗೆ ಬಿದ್ದ ಮೇಲೆ ಸಾಹುಕಾರನ ನೋಟೂ ಕೂಲಿಯವಳ ನಾಲ್ಕಾಣೆಯೂ ಗುರುತು ಸಿಗದಂತೆ ಬೆರೆತುಹೋಗುತ್ತವೆ. ನಾಲ್ಕಾಣೆ ಕೊಟ್ಟವಳಿಗೆ ಆ ಕಾಲೇಜು ತನ್ನದೂ ಹೌದು ಎನಿಸಿರಬೇಕು, ಆಕೆಯ ಮಗಳು ಅದರ ಮೆಟ್ಟಿಲು ಹತ್ತಿದ್ದರೆ ಮಾತ್ರ ಈ ಮಾತಿಗೆ ಅರ್ಥ. ಹತ್ತಿದವರು ಎಷ್ಟೋ ಮಂದಿ ಇದ್ದಾರೆ.

ಹಳಕಟ್ಟಿಯವರ ಕೆಲಸವನ್ನು ಮುಂದಕ್ಕೆ ಒಯ್ದವರಲ್ಲಿ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದವರು. ಅವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಸರ್ಕಾರದಿಂದಲೇ ಬಂದವು. ಅವರಿಗೂ ಶಾಲು, ಪ್ರಶಸ್ತಿ ಕಡಿಮೆಯಾಗಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಸನ್ಮಾನದ ಬಗ್ಗೆ ಯೋಚಿಸುವಾಗ ಈ ದಿನವನ್ನು ಬಿಟ್ಟು ಯೋಚಿಸಲು ನನಗಾಗುವುದಿಲ್ಲ. ವಿದ್ವಾಂಸನಿಗೆ ಹಾರ ಹಾಕುವ ಸಮಾಜಕ್ಕೆ ಅವನ ಮಾತನ್ನು ಸಹಿಸುವ ಹೊಣೆಯೂ ಇರುತ್ತದೆ. ಹಾರ ಅಗ್ಗ.

ಇಷ್ಟು ಹೆಸರುಳ್ಳವರ ಮಾತಾಯಿತು. ಹೆಸರಿಲ್ಲದವರನ್ನು ಕರೆಯುವುದು ಹೇಗೆ?

ಭೀಮಾ ತೀರದ ಹಲಸಂಗಿಯಲ್ಲಿ 1920ರ ದಶಕದಲ್ಲಿ ಒಂದು ಗೆಳೆಯರ ಗುಂಪು ಇತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ. ಹಳ್ಳಿಯ ಮಾಸ್ತರರು, ಒಕ್ಕಲುಮಕ್ಕಳು. ಒಂದು ಗುಂಪಿನೊಳಗೆ ಲಿಂಗಾಯತರೂ ಮುಸಲ್ಮಾನರೂ. ಇವರು ತಮ್ಮ ಅವ್ವಂದಿರು, ಅಕ್ಕಂದಿರು, ಓಣಿಯ ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುತ್ತ ಹಾಡುವ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಕನ್ನಡದ ದೊಡ್ಡ ಕವಿಗಳು ಅದನ್ನು ಓದಿ ಬೆರಗಾದರು. ಮುಂದೆ ಜಾನಪದ ಎಂಬ ಒಂದು ವಿಷಯವೇ ವಿಶ್ವವಿದ್ಯಾಲಯಗಳಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದರ ಬುಡದಲ್ಲಿ ಈ ಪುಸ್ತಕ ಇದೆ.

ಪುಸ್ತಕದ ಮೇಲೆ ಸಂಗ್ರಹಿಸಿದವರ ಹೆಸರಿದೆ. ಇರಬೇಕಾದದ್ದೇ, ಅವರು ಬರೆಯದಿದ್ದರೆ ಇವೊತ್ತಿಗೆ ನಮಗೆ ಆ ಹಾಡು ಇರುತ್ತಿರಲಿಲ್ಲ. ಹಾಡಿದವರ ಹೆಸರಿಲ್ಲ. ಇದು ಅನ್ಯಾಯ ಎಂದು ಒಂದೇ ಉಸಿರಿಗೆ ಹೇಳಿಬಿಡಬಹುದಿತ್ತು. ಆದರೆ ಬೀಸುವ ಕಲ್ಲಿನ ಮುಂದೆ ಇಬ್ಬರು ಎದುರುಬದುರು ಕೂತು, ಒಬ್ಬಳು ಎತ್ತಿದ ನುಡಿಯನ್ನು ಇನ್ನೊಬ್ಬಳು ಮುಗಿಸುತ್ತ, ತವರಿನಿಂದ ತಂದ ಸಾಲಿಗೆ ಅತ್ತೆಮನೆಯ ದುಃಖ ಬೆರೆಸುತ್ತ ಹಾಡಿದ್ದರಲ್ಲಿ ಇದು ನನ್ನದು ಎಂದು ಯಾರು ಹೇಳಬೇಕು? ಹಿಟ್ಟಿನಲ್ಲಿ ಯಾವ ಕಾಳು ಯಾರ ಕೈ ಹಾಕಿದ್ದು ಎಂದು ಕೇಳಿದ ಹಾಗಾಗುತ್ತದೆ. ಸನ್ಮಾನ ಎಂಬ ಪದ್ಧತಿಗೆ ಒಂದು ಹೆಸರು, ಒಂದು ಮುಖ, ಶಾಲು ಹೊದಿಸಲು ಒಂದು ಜೊತೆ ಹೆಗಲು ಬೇಕೇ ಬೇಕು. ಮೂರೂ ಒಂದೇ ಕಡೆ ಸಿಗದ ಕೊಡುಗೆಯ ಮುಂದೆ ಅದು ಕೈಕಟ್ಟಿ ನಿಲ್ಲುತ್ತದೆ. ಎಷ್ಟೋ ಸಲ ಹಾಗೆ ನಿಲ್ಲುವ ಬದಲು ಹತ್ತಿರ ಸಿಕ್ಕ ಯಾರದೋ ಹೆಗಲಿಗೆ ಶಾಲು ಹಾಕಿ ಕೆಲಸ ಮುಗಿಸುತ್ತದೆ.

ಮತ್ತೆ ಹೆಸರಿದ್ದೂ ಹೆಗಲು ಕೊಡದವರು ಒಬ್ಬರು ನಮ್ಮ ಕಣ್ಣೆದುರಿಗೇ ಇದ್ದರು. ಬಿಜ್ಜರಗಿಯಲ್ಲಿ ಹುಟ್ಟಿದ, ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅಲ್ಲಮನ ವಚನಗಳಿಗೆ ವ್ಯಾಖ್ಯಾನ ಬರೆದವರು, ಉಪನಿಷತ್ತು, ಗೀತೆ, ಪತಂಜಲಿ, ಪಶ್ಚಿಮದ ತತ್ತ್ವಶಾಸ್ತ್ರ ಎಲ್ಲವನ್ನೂ ಓದಿದವರು. ಓದಿದ್ದನ್ನು ತಿಂಗಳುಗಟ್ಟಲೆ ಒಂದು ಊರಲ್ಲಿ ಕೂತು, ಎರೆಹೊಲದ ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುತ್ತಿದ್ದರು. ಟಿಕೆಟಿಲ್ಲ, ಕುರ್ಚಿಗೆ ದರವಿಲ್ಲ. ಜಗತ್ತಿನ ಯಾವ ಮಾನವಿಕ ಮಂಡಳಿಯೂ ಕಂಡರೆ ಹೊಟ್ಟೆಕಿಚ್ಚು ಪಡಬೇಕಾದಷ್ಟು ಜನ ಚಳಿಯಲ್ಲಿ ಕಂಬಳಿ ಹೊದ್ದು ಬಂದು ಕೂಡುತ್ತಿದ್ದರು. ಅವರ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಿನಯದಿಂದ ಒಂದು ಪತ್ರ ಬರೆದು ಬೇಡವೆಂದರು. ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನೂ ಹಾಗೇ ಮರಳಿಸಿದ್ದರು. 2023ರ ಜನವರಿ 2ರಂದು ತೀರಿಕೊಂಡ ಮೇಲೆ, 2014ರಲ್ಲೇ ಬರೆದಿಟ್ಟ ಅವರ ಅಂತಿಮ ಅಭಿವಂದನ ಪತ್ರ ಹೊರಬಂತು: ಗದ್ದುಗೆ ಬೇಡ, ಸ್ಮಾರಕ ಬೇಡ, ದೇಹವನ್ನು ಅಗ್ನಿಗೆ ಕೊಟ್ಟು ಬೂದಿಯನ್ನು ನೀರಿಗೆ ಬಿಡಿ.

ಇದನ್ನು ವಿನಯ ಎಂದು ಹೇಳಿ ಮುಗಿಸುವವರೇ ಹೆಚ್ಚು. ನನಗೆ ಇದರಲ್ಲಿ ಕಟುವಾದ ಒಂದು ಲೆಕ್ಕಾಚಾರವೂ ಕಾಣುತ್ತದೆ. ಪ್ರಶಸ್ತಿ ಕೊಟ್ಟವರು ಕೊಟ್ಟ ಮೇಲೆ ನಿರಾಳವಾಗುತ್ತಾರೆ. ಇವರಿಗೆ ಸಲ್ಲಬೇಕಾದದ್ದು ಸಂದಿತು, ಖಾತೆ ಚುಕ್ತಾ. ತೆಗೆದುಕೊಳ್ಳದೆ ಹೋದವರು ನಮ್ಮನ್ನು ಸಾಲಗಾರರನ್ನಾಗಿ ಉಳಿಸಿ ಹೋಗುತ್ತಾರೆ. ಮೂರ್ತಿ ನಿಲ್ಲಿಸಿ, ವರ್ಷಕ್ಕೊಮ್ಮೆ ಹಾರ ಹಾಕಿ ತೀರಿಸಿಕೊಳ್ಳುವ ದಾರಿಯನ್ನೂ ಅವರು ಮುಚ್ಚಿದರು. ಹಾಗೆಂದು ಎಲ್ಲರೂ ಪ್ರಶಸ್ತಿ ನಿರಾಕರಿಸಲಿ ಎಂದು ನಾನು ಹೇಳಲಾರೆ. ಹಳಕಟ್ಟಿಯಂಥ ಸಂಸಾರಿಗೆ, ಇವೊತ್ತಿನ ಹಳ್ಳಿಯ ಅರಿವು ಕೇಂದ್ರದಲ್ಲಿ ಸಣ್ಣ ಸಂಬಳಕ್ಕೆ ಪುಸ್ತಕದ ಧೂಳು ಒರೆಸುವ ಮೇಲ್ವಿಚಾರಕಿಗೆ, ಒಂದು ಶಾಲೂ ಅದರ ಜೊತೆ ಒಂದು ಲಕೋಟೆಯೂ ಬಂದರೆ ಅದನ್ನು ಬೇಡ ಎನ್ನುವ ಐಷಾರಾಮ ಇಲ್ಲ. ಲಕೋಟೆಯನ್ನು ಕೊಡದೆ ಬರಿ ಶಾಲು ಕೊಡುವವರ ಮೇಲೆ ನನಗೆ ಸಿಟ್ಟಿದೆ, ಇಲ್ಲಿ ಬರೆದುಬಿಡುತ್ತೇನೆ. ಮನೆಯಲ್ಲಿ ಶಾಲುಗಳ ಗಂಟು ಬೆಳೆಯುತ್ತದೆ, ಮಗಳ ಫೀ ಬಾಕಿ ಉಳಿಯುತ್ತದೆ.

ಔತಣ, ಸನ್ಮಾನದ ಈ ಲೆಕ್ಕ ಹಳ್ಳಿಯಲ್ಲಿ ಹೇಗಿದೆ ನೋಡೋಣ. ವಿಜಯಪುರದಿಂದ ಕೊಲ್ಹಾರದ ಕಡೆ ಹೋಗುವಾಗ ಸಿಗುವ ಮುಳವಾಡದ ಹೆಸರು ಹೊರಗಿನವರಿಗೆ ಗೊತ್ತಿದ್ದರೆ ಅದು ಏತ ನೀರಾವರಿಯಿಂದ. ಆಲಮಟ್ಟಿಯ ಹಿನ್ನೀರನ್ನು ಎತ್ತಿ ಮೇಲಿನ ಒಣನೆಲಕ್ಕೆ ಕೊಡುವ ಯೋಜನೆಗೆ ಈ ಊರಿನ ಹೆಸರು. ಇಂಥ ಊರುಗಳಲ್ಲಿ ಪ್ರವಚನ ಹಚ್ಚುವುದೆಂದರೆ ನಾನು ಈವರೆಗೆ ಹೇಳಿದ ಔತಣ, ಸನ್ಮಾನ, ನಿಧಿ ಎಲ್ಲವೂ ಒಂದೇ ಚಪ್ಪರದ ಕೆಳಗೆ ಬಂದಂತೆ. ಮೊದಲು ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತು ಪಟ್ಟಿ ಹಾಕುತ್ತಾರೆ. ಯಾರು ಎಷ್ಟು ಚೀಲ ಗೋಧಿ, ಯಾರದು ಬೆಲ್ಲ, ಯಾರದು ಎಣ್ಣೆ ಡಬ್ಬಿ, ಮೈಕು ಮತ್ತು ಪೆಂಡಾಲು ಯಾರ ಪಾಲಿಗೆ. ಕೊಡದವನ ಹೆಸರು ಬಂದಾಗ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ; ಆಮೇಲೆ ಒಬ್ಬ ಹಿರಿಯ, ‘ಇರಲಿ ಬಿಡ್ರೋ, ಆಂವ ಬಂದು ನೀರರ ಹಾಕ್ತಾನ’ ಎಂದು ಮುಂದಿನ ಹೆಸರಿಗೆ ಹೋಗುತ್ತಾನೆ. ನೀರು ಹಾಕುವುದಕ್ಕೂ ಪಟ್ಟಿಯಲ್ಲಿ ಜಾಗ ಇದೆ. ಹೋಟೆಲಿನ ಔತಣದ ಆಮಂತ್ರಣ ಪತ್ರಿಕೆಯಲ್ಲಿ ಈ ದರ ನನಗೆ ಎಲ್ಲೂ ಕಂಡಿಲ್ಲ.

ಮೊದಲೆಲ್ಲ ರೊಟ್ಟಿ ಮಾತ್ರ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅದು ಮನೆ ಮನೆಯಿಂದ ತಾನಾಗಿ ಬರುವುದು. ಹತ್ತು ಬಡಿದವಳದು ಹತ್ತು, ನೂರು ಬಡಿದವಳದು ನೂರು. ಕಟಕ ಆಗುವಂತೆ ಒಣಗಿಸಿ, ಬಿಳಿ ಅರಿವೆಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಅಕ್ಕಪಕ್ಕದ ಊರಿನವು ಟ್ರ್ಯಾಕ್ಟರಿನಲ್ಲಿ, ಮುಂದೆ ಡೊಳ್ಳು ಬಾರಿಸುತ್ತ ಬರುತ್ತಿದ್ದವು. ಚಪ್ಪರದ ಮೂಲೆಯಲ್ಲಿ ಚಾದರ ಹಾಸಿ ಒಟ್ಟಿದರೆ ಎದೆಯೆತ್ತರದ ಬಣಿವೆ. ಒಮ್ಮೆ ಒಟ್ಟಿದ ಮೇಲೆ ಗೌಡರ ಮನೆಯ ರೊಟ್ಟಿ ಯಾವುದು, ಕೇರಿಯ ಮನೆಯ ರೊಟ್ಟಿ ಯಾವುದು ಎಂದು ಹೇಳುವವರಾರು? ಹೇಳಬಾರದೆಂದು ಯಾರೂ ಕಟ್ಟಳೆ ಮಾಡಿದ್ದಲ್ಲ. ಕೆಲವು ಊರುಗಳಲ್ಲಿ ಕೆಲವು ಮನೆಯ ರೊಟ್ಟಿ ಆ ಬಣಿವೆಯವರೆಗೆ ಬರುತ್ತಲೇ ಇರಲಿಲ್ಲ ಎಂಬುದನ್ನೂ ಬಲ್ಲೆ. ಬಸವಣ್ಣನ ನಾಡು ಎಂದ ಮಾತ್ರಕ್ಕೆ ಬೇಲಿ ತಾನಾಗಿ ಬಿದ್ದುಹೋಗಿಲ್ಲ. ಆದರೆ ಬಂದಷ್ಟು ರೊಟ್ಟಿಗೆ ಜಾತಿಯೂ ಹೆಸರೂ ಇರಲಿಲ್ಲ, ಮತ್ತು ಅದನ್ನು ಬಡಿದವರೇ ಮುಂಜಾನೆ ಮುಂದಿನ ಸಾಲಿನಲ್ಲಿ ಕೂತು ಅಲ್ಲಮನ ಮಾತು ಕೇಳುತ್ತಿದ್ದರು. ಕೊಟ್ಟವರು, ಕೇಳುವವರು, ಉಣ್ಣುವವರು ಒಂದೇ ಮಂದಿ.

ನೀರು ಬಂದ ಮೇಲೆ ಹೊಲದ ಬಣ್ಣ ಬದಲಾಗುತ್ತಿದೆ. ಬಿಳಿಜೋಳ ಇದ್ದಲ್ಲಿ ಕಬ್ಬು, ದ್ರಾಕ್ಷಿ. ಕಬ್ಬಿನ ಬಿಲ್ಲು ಬಂದವನ ಕೈಯಲ್ಲಿ ದುಡ್ಡಿದೆ, ಮನೆಯಲ್ಲಿ ನೂರು ರೊಟ್ಟಿ ಬಡಿಯುವವರಿಲ್ಲ. ಹೆಣ್ಣುಮಕ್ಕಳು ಕೂಲಿಗೋ ಕಾಲೇಜಿಗೋ ಹೋಗಿದ್ದಾರೆ, ಹೋಗಲಿ, ಬೆಳಗಿನ ನಾಲ್ಕಕ್ಕೆ ಎದ್ದು ಒಲೆಯ ಮುಂದೆ ಕೂಡಲಿ ಎಂದು ಹಾರೈಸುವಷ್ಟು ನಾನು ಸಂಸ್ಕೃತಿಪ್ರಿಯನಲ್ಲ. ಹೀಗಾಗಿ ಈಗ ರೊಟ್ಟಿ ಕೇಂದ್ರಕ್ಕೆ ಆರ್ಡರ್ ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಎಣಿಸಿ ಕಟ್ಟಿದ ರೊಟ್ಟಿ ಟೆಂಪೋದಲ್ಲಿ ಬರುತ್ತದೆ. ಬಡಿಯುವ ಹೆಣ್ಣುಮಗಳಿಗೆ ಇಷ್ಟು ರೊಟ್ಟಿಗೆ ಇಷ್ಟು ಎಂದು ಕೂಲಿ ಸಿಗುತ್ತದೆ. ಇದು ಒಳ್ಳೆಯದೇ; ಹಿಂದೆ ಅದೂ ಸಿಗುತ್ತಿರಲಿಲ್ಲ. ಆದರೆ ಕೊಂಡ ರೊಟ್ಟಿಗೆ ಬಿಲ್ಲಿದೆ, ಬಿಲ್ಲು ಇದ್ದಮೇಲೆ ಅದನ್ನು ಕೊಟ್ಟವನಿದ್ದಾನೆ, ಕೊಟ್ಟವನಿದ್ದಮೇಲೆ ಅವನ ಹೆಸರು ಬರಬೇಕು. ಚಪ್ಪರದ ಬಾಗಿಲಿಗೆ ಫ್ಲೆಕ್ಸ್ ಬರುತ್ತದೆ, ಇಂಥ ದಿನದ ರೊಟ್ಟಿ ಸೇವೆ ಇಂಥವರದು ಎಂದು, ಫೋಟೋ ಸಮೇತ. ಮಂಗಲದ ದಿನ ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಮೈಕಿನಲ್ಲಿ ಮೊದಲು ದಾನಿಗಳ ಹೆಸರು, ನಡುವೆ ಇನ್ನೂ ಬಾಕಿ ಉಳಿದ ದಾನಿಗಳ ಹೆಸರು, ಕೊನೆಗೆ ಸಮಯ ಉಳಿದರೆ ಪ್ರವಚನ.

ಅಂಥ ಒಂದು ಮಂಗಲದ ಊಟದಲ್ಲಿ ನನ್ನ ಪಕ್ಕ ಕೂತ ಮುದುಕಿ ತಟ್ಟೆಗೆ ಬಿದ್ದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅಂಚು ಮುಟ್ಟಿದಳು. ಮುರಿದಳು. ಮೈಕಿನಲ್ಲಿ ಅದನ್ನು ಕೊಟ್ಟವರ ಹೆಸರು ಎರಡನೆಯ ಸಲ ಬರುತ್ತಿತ್ತು.

‘ಇದು ಕೈಯಾಂದಲ್ಲ ಯಪ್ಪಾ, ಮಷಿನಿಂದು,’ ಅಂದಳು.

ಆಮೇಲೆ ಪುಂಡಿಪಲ್ಯ ಹಚ್ಚಿ ಅದನ್ನು ಮುಗಿಸಿ, ಬಡಿಸುವ ಹುಡುಗನನ್ನು ಕರೆದು ಇನ್ನೊಂದು ಹಾಕಿಸಿಕೊಂಡಳು.